ಬಳೆ ಸದ್ದಿಲ್ಲದ ಕೊರಳು

ಕುರ್ಚಿ ಗಟ್ಟಿಯಾಗಿ ಹಿಡಿದುಕೊಳ್ಳಿ. ಕುರ್ಚಿ ಇಲ್ಲದಿದ್ದರೆ ಪಕ್ಕದವರ ಕೈ ಹಿಡಿದುಕೊಳ್ಳಿ. ಈ ಕಥೆಯ ಹೀರೋ ಎಂಟ್ರಿ ಕೊಟ್ಟರೆ ಕಾಶಿಯ ಗೂಳಿಗಳೂ ಗೋಡೆಗೆ ಒತ್ತಿ ದಾರಿ ಬಿಡುತ್ತವೆ. ಹೆಸರು ಈಶ. ಕಾಶಿಯ ಕನ್ನಡದವರ ಮಠದಲ್ಲಿ ಅಡುಗೆ ಮಾಡುವ ರುದ್ರಯ್ಯನ ಮಗ. ಅಸ್ಸಿ ಘಾಟಿನ ಲಲ್ಲನ್ ಕ್ಯಾಸೆಟ್ ಸೆಂಟರಿನಲ್ಲಿ ರೆಕಾರ್ಡಿಂಗ್ ಮಾಡುವವನು. ಒಂದೇ ಒಂದು ಡೈಲಾಗ್ ಹೊಡೆದು ಅದರ ಮಾಲೀಕ ಲಲ್ಲನ್ ಬಾಬುವಿನಂಥ ಲಲ್ಲನ್ ಬಾಬುವಿನ ಶಟರ್ ಕೆಳಗೆ ಬೀಳಿಸಿದವನು ಇವನೇ. ಆ ಡೈಲಾಗ್ ಯಾವುದು ಅಂತ ಈಗಲೇ ಕೇಳಬೇಡಿ. ಇಂಟರ್‌ವಲ್‌ಗೆ ಮುಂಚೆ ಕ್ಲೈಮ್ಯಾಕ್ಸ್ ತೋರಿಸುವ ಟಾಕೀಸು ನಮ್ಮದಲ್ಲ.

ಮೊದಲು ವಿಲನ್ ಮನೆ ನೋಡಿ.

ಅಂಗಡಿಯ ಹಿಂದೆ ಒಂದು ಹಳೇ ಮನೆ. ಬಿಸಿಲು ಬೀಳದ ಅಂಗಳ, ಬೆಳಗಾಗುವ ಮುಂಚೆ ಸ್ವಲ್ಪ ಹೊತ್ತು ನೀರು ಬರುವ ಒಂದೇ ನಲ್ಲಿ, ಒಣಹಾಕಿದ ಸೀರೆ ಎಳೆದೊಯ್ಯುವ ಕೋತಿಗಳು. ಕೆಳಗಿನ ಕೋಣೆಯಲ್ಲಿ ಕರ್ನಾಟಕದ ಹಳ್ಳಿಗಳಿಂದ ಬಂದ ವಿಧವೆಯರು. ಕಾಶಿಯಲ್ಲಿ ಸತ್ತರೆ ಮೋಕ್ಷ ಎಂದು ನಂಬಿ ಬಂದವರು. ಸಾಯುವುದು ಸುಲಭ, ಅಲ್ಲಿಯವರೆಗೆ ಬದುಕಿರಲು ಒಂದು ಸೂರು ಬೇಕಲ್ಲ, ಅದು ಕಷ್ಟ. ಆ ಸೂರು ಲಲ್ಲನ್ ಬಾಬುವಿನದು.

ಲಲ್ಲನ್ ಬಾಬು ಸಿನಿಮಾದ ವಿಲನ್ ಥರ ಮೀಸೆ ತಿರುವುತ್ತಿರಲಿಲ್ಲ. ಬಾಡಿಗೆಯನ್ನೇ ಕೇಳುತ್ತಿರಲಿಲ್ಲ. ಬೆಳಿಗ್ಗೆ ಬಂದು ‘ಮಾಈ’ ಎಂದು ಪ್ರತಿಯೊಬ್ಬರ ಕಾಲು ಮುಟ್ಟುತ್ತಿದ್ದ. ಬಾಡಿಗೆಯ ಬದಲು ಒಂದು ಸೇವೆ ಮಾಡಿ ಎನ್ನುತ್ತಿದ್ದ. ಹಾಡಿ. ಹಾಡನ್ನು ಮಿಷನ್ನಿನಲ್ಲಿ ಹಿಡಿದು ಘಾಟಿನಲ್ಲಿ ದೇವರಿಗೆ ಕೇಳಿಸುತ್ತೇನೆ. ಪುಣ್ಯದಲ್ಲಿ ಅರ್ಧ ನಿಮಗೆ, ಅರ್ಧ ನನಗೆ.

ಪುಣ್ಯ ಹುಟ್ಟುತ್ತಿದ್ದುದು ಮಟಮಟ ಮಧ್ಯಾಹ್ನ. ಗಲ್ಲಿ ಮಲಗಿ ಸದ್ದು ಕಮ್ಮಿಯಾಗುವ ಹೊತ್ತು ಅದೇ. ಕಿಟಕಿಗೆ ರಜಾಯಿ ಬಡಿದು, ಬಾಗಿಲ ಸಂದಿಗೆ ಚಿಂದಿ ತುರುಕುತ್ತಿದ್ದರು. ಫ್ಯಾನ್ ಆಫ್, ಇಲ್ಲದಿದ್ದರೆ ಗುಂಯ್ ಅನ್ನುತ್ತದೆ. ಜ್ಯೇಷ್ಠದ ಸೆಕೆಯಲ್ಲಿ ಮೈಕಿನ ಸುತ್ತ ಕೂತ ಮುದುಕಿಯರ ಬೆವರು ಚಾಪೆಗೆ ಇಳಿಯುತ್ತಿತ್ತು. ಚೊಂಬಿನ ಸದ್ದು ಬರಬಾರದೆಂದು ನೀರೂ ಇಲ್ಲ. ಜಗದಾಂಬ ಎಂಬವಳಿಗೆ ಕೆಮ್ಮು. ಕೆಮ್ಮು ಬಂದರೆ ಸೆರಗು ಬಾಯಿಗೆ ತುರುಕಿ ಕಚ್ಚಬೇಕು. ಕಣ್ಣುಗಳು ಕೆಂಪಾಗಿ ಹೊರಗೆ ಬರುತ್ತಿದ್ದವು, ಕೆಮ್ಮು ಮಾತ್ರ ಬರಬಾರದು.

‘ರೆಕಾರ್ಡಿಂಗ್‌ಗೆ ವಿಧವೆಯರೇ ಬೆಸ್ಟ್ ಗುರು,’ ಎಂದು ಲಲ್ಲನ್ ಬಾಬು ಈಶನಿಗೆ ಒಮ್ಮೆ ಪಾನ್ ಜಗಿಯುತ್ತ ಹೇಳಿದ್ದ. ‘ಬಳೆ ಸದ್ದು ಇರುವುದಿಲ್ಲ.’

ಈಶ ನಕ್ಕಿದ್ದ. ಆಗ ಅದು ಅವನಿಗೆ ಒಳ್ಳೇ ಡೈಲಾಗ್ ಅನ್ನಿಸಿತ್ತು.

ಈಶನಿಗೆ ಆ ಮಿಷನ್ನಿನ ಮೇಲೆ ಪ್ರೀತಿ. ಜಪಾನಿನ ಡಬಲ್ ಡೆಕ್. ಒಂದು ಬಾಯಿಗೆ ಹಾಡು ತಿನ್ನಿಸಿದರೆ ಇನ್ನೊಂದು ಬಾಯಿ ಅದೇ ಹಾಡು ಉಗುಳುತ್ತದೆ. ಕೊರಳಲ್ಲಿ ಯಾವಾಗಲೂ ವಾಕ್‌ಮನ್, ಅದರಲ್ಲಿ ತಾನೇ ಕಾಪಿ ಹೊಡೆದ ಸಿನಿಮಾ ಹಾಡು. ಈ ವಿಷಯದಲ್ಲಿ ಅವನಿಗೆ ಸ್ವಂತ ಸಿದ್ಧಾಂತವೂ ಇತ್ತು. ದುಡ್ಡಿದ್ದವನಿಗೆ ಒರಿಜಿನಲ್, ಇಲ್ಲದವನಿಗೆ ಕಾಪಿ. ಸಮಾಜವಾದ ಅಂದರೆ ಇದೇ ಎಂದು ಚಹಾದಂಗಡಿಯಲ್ಲಿ ಭಾಷಣ ಬಿಗಿಯುತ್ತಿದ್ದ. ಬಿ.ಎಚ್.ಯು. ವಿಶ್ವವಿದ್ಯಾಲಯದ ಹುಡುಗರು ಚಪ್ಪಾಳೆ ತಟ್ಟುತ್ತಿದ್ದರು. ಅವರೆಲ್ಲ ಅವನ ಗಿರಾಕಿಗಳು.

ಮುದುಕಿಯರ ಹಾಡು ಘಾಟಿಗೆ ಹೋಗಲಿಲ್ಲ. ‘ಕಾಶೀ ಭಕ್ತಿಧಾರೆ’ ಎಂಬ ಕ್ಯಾಸೆಟ್ಟಾಗಿ ಕೌಂಟರಿಗೆ ಹೋಯಿತು. ಕೊಳ್ಳುವವರು ಕನ್ನಡದ ಯಾತ್ರಿಕರು. ಲಲ್ಲನ್ ಬಾಬುವಿಗೆ ಕನ್ನಡದ ಒಂದು ಅಕ್ಷರವೂ ಬಾರದು, ರಾಗ ದುಃಖದ್ದಾಗಿದ್ದರೆ ಸಾಕು. ಕವರಿನ ಮೇಲೆ ಕ್ಯಾಲೆಂಡರಿನಿಂದ ಕತ್ತರಿಸಿದ ವೀಣೆ ಹಿಡಿದ ಹುಡುಗಿ. ಕೆಳಗೆ ಕನ್ನಡದಲ್ಲಿ ‘ಕುಮಾರಿ ವರ್ಷಿಣಿ.’ ಆ ಹೆಸರು ಈಶನೇ ಯೋಚಿಸಿ, ಅವನೇ ಬರೆದದ್ದು.

ಒಂದು ದಿನ ಕಾಳಮ್ಮ ಮಠಕ್ಕೆ ಪ್ರಸಾದಕ್ಕೆಂದು ಹೋದಳು. ಮುದುಕಿಯರಲ್ಲಿ ಪದ ಕಟ್ಟುವವಳು ಅವಳು; ಉಳಿದವರು ಹಿಂದೆ ಸೊಲ್ಲು ಹಿಡಿಯುವವರು. ಕೂಲಿ ಮಾಡಿ ಬದುಕಿದ ಹೆಂಗಸು. ಹೊಲದಲ್ಲಿ ಕಳೆ ತೆಗೆಯುತ್ತಿದ್ದಾಗ ಬದುವಿನ ಮೇಲೆ ಮಲಗಿಸಿದ್ದ ಮಗಳು ಭವಾನಿ ಜ್ವರದಲ್ಲಿ ಅಲ್ಲೇ ತಣ್ಣಗಾಗಿದ್ದಳು. ಸಾಲು ಮುಗಿಯುವವರೆಗೆ ಮೇಲೇಳಲು ಗೌಡ ಬಿಟ್ಟಿರಲಿಲ್ಲ. ಆ ಮಗುವಿಗೆ ಕಟ್ಟಿದ ಪದವನ್ನು ದೇವರು ಕೇಳಲಿ ಎಂದೇ ಅವಳು ಮೈಕಿನ ಮುಂದೆ ಹಾಡಿದ್ದಳು.

ಮಠದ ಅಂಗಳದಲ್ಲಿ ಕೊಟ್ಟೂರಯ್ಯ ಎಂಬ ಯಾತ್ರಿಕ ಟೇಪ್ ರೆಕಾರ್ಡರ್ ಇಟ್ಟುಕೊಂಡು ಕಣ್ಣು ಒರೆಸುತ್ತ ಕೂತಿದ್ದ. ಊರಿನ ಬಳಗದೊಂದಿಗೆ ಅನುಷ್ಠಾನಕ್ಕೆ ಬಂದು ಉಳಿದವನು. ಪೆಟ್ಟಿಗೆಯಲ್ಲಿ ಭವಾನಿಯ ಪದ ಬರುತ್ತಿತ್ತು. ಕಾಳಮ್ಮ ನಿಂತಲ್ಲೇ ನಿಂತಳು.

‘ಯಾರಪಾ ಹಾಡಾಕಿ?’

ಕೊಟ್ಟೂರಯ್ಯ ಕವರು ತೋರಿಸಿದ. ‘ಈ ಕೂಸು ನೋಡಬೇ. ಮದುವಿನೂ ಆಗಿಲ್ಲ ಇನ್ನಾ. ಹಡೆದಾಕಿ ಸಂಕಟ ಇಕಿಗೆ ಹೆಂಗ ತಿಳೀತೋ ಏನೋ.’

ಕಾಳಮ್ಮ ಪ್ರಸಾದ ತೆಗೆದುಕೊಳ್ಳಲಿಲ್ಲ. ನೇರ ಅಂಗಡಿಗೆ ಬಂದು, ಕೌಂಟರಿನ ಮೇಲಿದ್ದ ಒಂದು ಕ್ಯಾಸೆಟ್ಟು ಎತ್ತಿ ಈಶನ ಮೂಗಿಗೆ ಹಿಡಿದಳು. ತನ್ನ ಹೆಸರು ಯಾಕಿಲ್ಲ ಎಂದು ಕೇಳಿದಳು.

‘ಅಜ್ಜಿ, ಕಾಳಮ್ಮ ಅಂತ ಹಾಕಿದರೆ ಕೌನ್ ಖರೀದೇಗಾ, ಯಾರು ಕೊಳ್ತಾರೆ? ಜನಕ್ಕೆ ಚಂದದ ಮುಖ ಬೇಕು. ಧಂಧಾ ಅಂದರೆ ಹೀಗೇ. ದೊಡ್ಡ ದೊಡ್ಡ ಕಂಪನಿಯವರೂ ಇದನ್ನೇ ಮಾಡೋದು.’

‘ದೊಡ್ಡವರು ಕದ್ದ್ರ ಅದಕ್ಕ ಬ್ಯಾರೆ ಹೆಸರೈತೇನು?’ ಕಾಳಮ್ಮ ಅವನ ಕೊರಳ ವಾಕ್‌ಮನ್ನಿನ ವೈರು ಬೆರಳಿಗೆ ಸುತ್ತಿ ಎಳೆದಳು. ‘ನಿನ್ನ ಕಿವ್ಯಾಗ ಒದರತೈತಲ್ಲ, ಇದನ್ನ ಯಾವ ತಾಯಿ ಮಗ ಹಾಡ್ಯಾನ? ಅವನ್ನ ಕೇಳಿ ಇಟಗೊಂಡಿಯೇನು?’

ಸಾವಿರ ಡೈಲಾಗ್ ಬಾಯಿಪಾಠ ಇದ್ದ ಈಶ ವಾಕ್‌ಮನ್ ಆಫ್ ಮಾಡಿದ. ಬಡವನಿಗೆ ಕಾಪಿ ಎಂಬ ಅವನ ಸಮಾಜವಾದದಲ್ಲಿ, ಹಾಡಿದವಳೇ ಬಡವಳಾಗಿದ್ದರೆ ಏನು ಎಂಬ ಪಾಠ ಇರಲಿಲ್ಲ.

ಲಲ್ಲನ್ ಬಾಬು ಬಂದಾಗ ಕಾಳಮ್ಮ ಕೇಳಿದ್ದು ದುಡ್ಡಲ್ಲ. ಭವಾನಿಯ ಪದ ತೆಗೆಯಬೇಕು, ಉಳಿದದ್ದಕ್ಕೆ ಹಾಡಿದವರ ಹೆಸರು ಹಾಕಬೇಕು. ಈಶ ಹಿಂದಿಗೆ ತಿರುಗಿಸಿ ಹೇಳಿದ. ಲಲ್ಲನ್ ಬಾಬು ಪೂರ್ತಿ ಕೇಳಿಸಿಕೊಂಡ. ಮತ್ತೆ ಅವಳ ಕಾಲು ಮುಟ್ಟಿದ. ಆಮೇಲೆ ಜೇಬಿನಿಂದ ಕೋಣೆಯ ಬೀಗದ ಕೈ ತೆಗೆದು ಕೌಂಟರಿನ ಮೇಲೆ ಇಟ್ಟ.

‘ಮಾಈಗೆ ಹೇಳು ಗುರು. ಎರಡನೇ ಭಾಗ ಮಾಡಬೇಕು. ಹಾಡಿದರೆ ಸಾಯುವವರೆಗೆ ಕೋಣೆ ಅವರದು. ಇಲ್ಲದಿದ್ದರೆ ಕಂಟೋನ್ಮೆಂಟ್ ಸ್ಟೇಷನ್ನಿನಿಂದ ದಿನಾ ಗಾಡಿ ಇದೆ. ಊರಿಗೆ ಹೋಗಿ ಸಾಯಲಿ.’

ಈಶ ಕನ್ನಡದಲ್ಲಿ ಹೇಳುವಾಗ ಕೊನೆಯ ಮಾತು ನುಂಗಿದ. ಕಾಳಮ್ಮನಿಗೆ ಅದು ಬೀಗದ ಕೈಯಲ್ಲೇ ಅರ್ಥವಾಗಿತ್ತು. ಹಿಂದೆ ಬಂದು ನಿಂತಿದ್ದ ಜಗದಾಂಬ ಅವಳ ಸೆರಗು ಜಗ್ಗಿದಳು. ‘ಹಾಡಿಬಿಡು ನಮ್ಮವ್ವ. ಈ ವಯಸ್ಸಿನ್ಯಾಗ ಎಲ್ಲಿ ಹೋಗೂಣು?’

ಕಾಳಮ್ಮ ಕ್ಯಾಸೆಟ್ಟನ್ನು ಕೌಂಟರಿನ ಮೇಲೆ ಇಟ್ಟಳು. ‘ಹಾಡತೀನಂತ ಹೇಳು,’ ಎಂದಳು.

ಈಗ ಹೀರೋ ಕೆಲಸ ಶುರು. ಈಶ ಒಂದು ಹಳೇ ಸ್ಪೀಕರ್ ಒಡೆದು ಅದರ ಅಯಸ್ಕಾಂತ ಜೇಬಿಗಿಟ್ಟುಕೊಂಡ. ಕಾಪಿಗಳೆಲ್ಲ ಹುಟ್ಟುವ ಮಾಸ್ಟರ್ ಟೇಪಿನ ಮೇಲೆ ಅದನ್ನು ಉಜ್ಜಿದರೆ ಹಾಡು ಸ್ವಾಹಾ. ಆಮೇಲೆ ಲಲ್ಲನ್ ಬಾಬುವಿನ ಕಣ್ಣಲ್ಲಿ ಕಣ್ಣಿಟ್ಟು ‘ಈ ಕೈಗೆ ಚಹಾ ಲೋಟ ಎತ್ತಲೂ ಗೊತ್ತು, ನಿನ್ನ ಸಾಮ್ರಾಜ್ಯ ಅಳಿಸಲೂ ಗೊತ್ತು’ ಎನ್ನಬೇಕು. ಕನ್ನಡಿಯ ಮುಂದೆ ಹಿಂದಿಯಲ್ಲೂ ಕನ್ನಡದಲ್ಲೂ ಪ್ರಾಕ್ಟೀಸ್ ಮಾಡಿದ.

ರೆಕಾರ್ಡಿಂಗಿನ ಮಧ್ಯಾಹ್ನ. ಕಿಟಕಿಗೆ ರಜಾಯಿ. ಫ್ಯಾನ್ ಆಫ್. ಲಲ್ಲನ್ ಬಾಬು ಕುರ್ಚಿ ಎಳೆದುಕೊಂಡು ಕೂತ. ಈಶ ಹೆಡ್‌ಫೋನ್ ಹಾಕಿ ಕೆಂಪು ಬಟನ್ ಒತ್ತಿದ.

ಇಲ್ಲಿ ಒಂದು ಮಾತು ಹೇಳಬೇಕು. ಕಾಳಮ್ಮನ ಊರಿನಲ್ಲಿ ಬೀಸುವ ಕಲ್ಲಿಗೆ ಒಂದು ಕಟ್ಟಳೆ ಇದೆ. ಹಗಲೆಲ್ಲ ಬಾಯಿ ಮುಚ್ಚಿಕೊಂಡ ಸೊಸೆ ಕಲ್ಲಿನ ಮುಂದೆ ಕೂತಾಗ ಮನೆಯವರ ಬಂಡವಾಳವನ್ನೆಲ್ಲ ಪದ ಮಾಡಿ ಹಾಡಬಹುದು. ಅತ್ತೆ ಒಳಗೆ ಮಲಗಿ ಕೇಳಿಸಿಕೊಳ್ಳಬೇಕು. ಮಾವನೂ ಕೇಳಿಸಿಕೊಳ್ಳಬೇಕು. ಕಲ್ಲಿನ ಮುಂದೆ ಹಾಡಿದ್ದಕ್ಕೆ ಎದ್ದ ಮೇಲೆ ಶಿಕ್ಷೆ ಇಲ್ಲ.

ಕಾಳಮ್ಮ ಎಡಗೈ ನೆಲಕ್ಕೂರಿ, ಬಲಗೈಯಲ್ಲಿ ಇಲ್ಲದ ಬೀಸುವ ಕಲ್ಲಿನ ಗೂಟ ಹಿಡಿದು ತಿರುಗಿಸಲು ಶುರು ಮಾಡಿದಳು. ರಾಗ ಭವಾನಿಯ ಪದದ್ದೇ. ಮಾತು ಬೇರೆ.

ಗಂಗಿಯ ದಂಡ್ಯಾಗ ತಂಗಾಕ ಮನಿ ಕೊಟ್ಟ
ಅಂಗಡಿಯ ಲಲ್ಲಣ್ಣ ಬಾಡಿಗಿಗೆ | ನಮ್ಮವ್ವ
ನುಂಗ್ಯಾನ ನಮ್ಮ ಕೊರಳನ್ನ

ಮುದುಕಿಯರ ಸೊಲ್ಲು ಒಂದು ಕ್ಷಣ ತಪ್ಪಿತು. ಒಬ್ಬರ ಮುಖ ಒಬ್ಬರು ನೋಡಿದರು. ಮೊದಲು ಹಿಂದೆ ಹಿಡಿದದ್ದು ಯಾರು ಗೊತ್ತೇ? ಜಗದಾಂಬ. ‘ನುಂಗ್ಯಾನ ನಮ್ಮ ಕೊರಳನ್ನ’ ಎಂದು ನಡುಗುವ ದನಿಯಲ್ಲಿ ಎತ್ತಿದಳು. ಆಮೇಲೆ ಎಲ್ಲರೂ.

ಪೆಟ್ಟಿಗ್ಯಾಗಿನ ಪದವ ಕೊಟ್ಟು ಕೊಳ್ಳುವ ಅಣ್ಣ
ಕಟ್ಟಿದವರ್ಯಾರು ಕೇಳಲಿಲ್ಲ | ಹಾಡೀಕಿ
ಹೊಟ್ಟಿ ತಣ್ಣೀರು ಕುಡದೈತಿ

ಒಂದೊಂದಾಗಿ ಎಲ್ಲ ಬಂತು. ನಲ್ಲಿ ಬಂತು, ರಜಾಯಿ ಬಂತು, ವೀಣೆಯ ಹುಡುಗಿ ಬಂದಳು, ಬಳೆಯ ಮಾತೂ ಬಂತು. ಈಶ ಅದನ್ನು ಕನ್ನಡದಲ್ಲಿ ಹೇಳಿ ನಕ್ಕಿದ್ದು ಇವರ ಕಿವಿಗೂ ಬಿದ್ದಿತ್ತು. ಕೊನೆಗೆ ಕೂತವರ ಹೆಸರುಗಳು, ಊರುಗಳು, ಸಾಲಾಗಿ. ನಡುವೆ ಜಗದಾಂಬ ಕೆಮ್ಮಿದಳು. ಸೆರಗು ಕಚ್ಚಲಿಲ್ಲ. ಯಾರೂ ಹಾಡು ನಿಲ್ಲಿಸಲಿಲ್ಲ. ಲಲ್ಲಣ್ಣ ಅಂದರೆ ತಾನೇ ಎಂದು ಹೊಳೆಯದ ಲಲ್ಲನ್ ಬಾಬು ರಾಗದ ದುಃಖಕ್ಕೆ ಕಣ್ಣು ಮುಚ್ಚಿ ತಲೆದೂಗುತ್ತಿದ್ದ.

ಕ್ಯಾಸೆಟ್ಟು ಹೊರಬಂತು. ಕೊಟ್ಟೂರಯ್ಯನ ಬಳಗವೇ ಮೊದಲ ಗಿರಾಕಿ. ಊರಿಗೆ ಒಯ್ಯಲು ಕಟ್ಟು ಕಟ್ಟಾಗಿ ಕೊಂಡರು. ಮಠದ ಅಂಗಳದಲ್ಲಿ ಟೇಪ್ ತಿರುಗಿತು. ಮೊದಲ ಪದಕ್ಕೆ ಯಾರೋ ನಕ್ಕರಂತೆ. ಎರಡನೆಯದಕ್ಕೆ ನಗಲಿಲ್ಲ. ಹೆಸರುಗಳು ಬರುವ ಹೊತ್ತಿಗೆ ಕೊಟ್ಟೂರಯ್ಯ ಎದ್ದು ಚಪ್ಪಲಿ ಹುಡುಕುತ್ತಿದ್ದ.

ಇಡೀ ಬಳಗ ಅಂಗಡಿ ಮುಂದೆ ಬಂದು ನಿಂತಿತು. ಒಬ್ಬೊಬ್ಬರೇ ತಮ್ಮ ಕ್ಯಾಸೆಟ್ಟನ್ನು ಕೌಂಟರಿನ ಮೇಲೆ ಇಟ್ಟರು. ಲಲ್ಲನ್ ಬಾಬು ಬೇರೆ ಕೊಡಲೇ ಎಂದು ಕೇಳಿದ. ಯಾರೂ ದುಡ್ಡು ವಾಪಸ್ ಕೇಳಲಿಲ್ಲ. ಕೊಟ್ಟೂರಯ್ಯ ತನಗೆ ಬರುವ ಹರಕು ಹಿಂದಿಯಲ್ಲಿ ಒಂದೊಂದು ಪದದ ಅರ್ಥ ಬಿಡಿಸಿ ಹೇಳಿದ. ಗಲ್ಲಿಯ ಪಾನ್‌ವಾಲಾ, ರಿಕ್ಷಾದವರು, ಹೂ ಮಾರುವವರು ಎಲ್ಲ ಕೇಳಿಸಿಕೊಂಡರು. ಬಳೆಯ ಮಾತು ಬಂದಾಗ ಹೂ ಮಾರುವವಳೊಬ್ಬಳು ಥೂ ಎಂದು ಉಗಿದಳು. ಲಲ್ಲನ್ ಬಾಬು ಶಟರ್ ಎಳೆದ.

ನೋಡಿ, ಶಟರ್ ಬಿತ್ತು. ಸುಳ್ಳು ಹೇಳಿದೆನೇ?

ಆದರೆ ಮರುದಿನ ಅದು ಮತ್ತೆ ಎದ್ದಿತು. ಕೋಣೆಗೆ ಹೊಸ ಬೀಗ ಬಿತ್ತು. ಮುದುಕಿಯರು ಟ್ರಂಕು, ಚೊಂಬು, ಚಾಪೆಯೊಂದಿಗೆ ಗಲ್ಲಿಯಲ್ಲಿ. ಲಲ್ಲನ್ ಬಾಬು ಕೌಂಟರಿನ ಮೇಲೆ ಬೀಗದ ಕೈ ಇಟ್ಟು, ಯಾರು ತಪ್ಪಾಯಿತು ಎನ್ನುತ್ತಾರೋ ಅವರು ಎತ್ತಿಕೊಳ್ಳಬಹುದು ಎಂದ. ಅದು ಮಧ್ಯಾಹ್ನದವರೆಗೆ ಅಲ್ಲೇ ಬಿಸಿಲಿಗೆ ಹೊಳೆಯುತ್ತಿತ್ತು. ಜಗದಾಂಬ ಎಲ್ಲರಿಗಿಂತ ಹೆಚ್ಚು ಹೊತ್ತು ಅದನ್ನು ನೋಡಿದಳು. ಕೆಮ್ಮಿದಳು. ತನ್ನ ಟ್ರಂಕಿನ ಹಿಡಿ ಹಿಡಿದಳು.

‘ಅಜ್ಜಿ, ಸಾಯೋಕೆ ಅಂತ ಒಂದು ಜಾಗ ಇತ್ತು. ಅದೂ ಹೋಯಿತಲ್ಲ,’ ಎಂದ ಈಶ.

‘ಸಾಯಾಕ ಖೋಲಿ ಯಾಕಬೇಕೋ ತಮ್ಮಾ? ಕಾಶಿ ಅಷ್ಟೂ ಐತಲ್ಲ,’ ಎಂದಳು ಕಾಳಮ್ಮ. ‘ಟ್ರಂಕು ಎತ್ತು. ಮಾತು ಸಾಕು.’

ಈಗ ಅವರು ಅಸ್ಸಿಯ ಮೆಟ್ಟಿಲ ಮೇಲಿನ ಒಂದು ಹಾಳು ಮಂಟಪದಲ್ಲಿದ್ದಾರೆ. ಮಳೆ ಬಂದರೆ ಒಂದು ಮೂಲೆ ಮಾತ್ರ ಒಣಗಿರುತ್ತದೆ, ಅದು ಜಗದಾಂಬಳಿಗೆ. ಕನ್ನಡದ ಯಾತ್ರಿಕರು ಕೇಳಿಕೊಂಡು ಬರುತ್ತಾರೆ. ಕಾಳಮ್ಮ ಮೊದಲು ತನ್ನ ಹೆಸರು, ಊರು ಹೇಳಿ ಆಮೇಲೆ ಪದ ಎತ್ತುತ್ತಾಳೆ. ಟೇಪ್ ತಂದವರು ಅಪ್ಪಣೆ ಕೇಳಿ ಹಿಡಿದುಕೊಳ್ಳಬೇಕು. ಭವಾನಿಯ ಪದ ಮಾತ್ರ ಯಾರ ಪೆಟ್ಟಿಗೆಗೂ ಇಲ್ಲ. ಲಲ್ಲನ್ ಬಾಬು ಹಳೇ ಟೇಪಿನಿಂದ ಅದನ್ನು ಇಂದಿಗೂ ಮಾರುತ್ತಿದ್ದಾನೆ. ಕವರಿನ ಮೇಲೆ ಈಗಲೂ ವೀಣೆಯ ಹುಡುಗಿಯೇ.

ಇನ್ನು ಆ ಡೈಲಾಗ್. ಕೇಳದೆ ಬಿಡುವವರಲ್ಲ ನೀವು. ನಿಜ ಹೇಳಿಬಿಡುತ್ತೇನೆ.

ಅಯಸ್ಕಾಂತ ಈಶನ ಜೇಬಿನಿಂದ ಹೊರಗೆ ಬರಲೇ ಇಲ್ಲ. ಪದ ಅವನು ಹೇಳಿಕೊಟ್ಟದ್ದಲ್ಲ, ಅವನಿಗೆ ಗೊತ್ತೂ ಇರಲಿಲ್ಲ. ಹೆಡ್‌ಫೋನಿನಲ್ಲಿ ಲಲ್ಲಣ್ಣನ ಹೆಸರು ಕೇಳಿಸಿದಾಗ ಅವನ ಬೆರಳು ಸ್ಟಾಪ್ ಬಟನ್ನಿನ ಮೇಲೆ ಹೋಗಿತ್ತು. ಕೆಲಸ ಹೋಗುತ್ತದೆ ಎಂದು. ಇಲ್ಲದ ಕಲ್ಲು ತಿರುಗಿಸುತ್ತಲೇ ಕಾಳಮ್ಮ ಅವನನ್ನು ನೋಡಿದಳು. ಬೆರಳು ಅಲ್ಲೇ ನಿಂತಿತು. ಕೆಲಸಕ್ಕೆ ಲಾತ್ ಹೊಡೆದು ಬಂದೆ ಎಂದು ಅವನು ಚಹಾದಂಗಡಿಯಲ್ಲಿ ಹೇಳುವುದೂ ಸುಳ್ಳು. ಶಟರ್ ಬಿದ್ದ ದಿನವೇ ಲಲ್ಲನ್ ಬಾಬು ಕೆನ್ನೆಗೆ ಬಾರಿಸಿ ಓಡಿಸಿದ್ದ.

ಅವನು ಹೇಳಿದ್ದು ಒಂದೇ ಮಾತು. ರೆಕಾರ್ಡಿಂಗ್ ಮುಗಿದ ಮೇಲೆ ಲಲ್ಲನ್ ಬಾಬು ಕಣ್ಣು ತೆರೆದು, ಏನು ಹಾಡಿದರು ಎಂದು ಕೇಳಿದ. ಈಶ ಮಿಷನ್ನಿನಿಂದ ಕ್ಯಾಸೆಟ್ಟು ಹೊರಗೆ ತೆಗೆದ.

‘ಭಜನ್ ಹೈ, ಬಾಬು,’ ಎಂದ.

ಅಷ್ಟೇ. ಉಳಿದ ಸಿನಿಮಾವೆಲ್ಲ ಕಾಳಮ್ಮನದು.