ಬೇಯಿಸಿದ್ದಾ, ಕರಿದಿದ್ದಾ?

ನಮ್ಮಪ್ಪ ಕ್ಲಾರಿ ಹೋಯ್‌ಗೆ ಆಸ್ಟ್ರೇಲಿಯಾದ ಕೂರಾಬೆಲ್ ಊರಿನಲ್ಲಿ ಒಬ್ಬರ ಹೆಸರೂ ನೆನಪಿಲ್ಲ. ಮರೆವಿನ ಕಾಯಿಲೆ ಅಂದುಕೊಳ್ಳಬೇಡಿ. ಎಪ್ಪತ್ತೇಳಾದರೂ ಬುದ್ಧಿ ಚುರುಕಾಗಿಯೇ ಇದೆ, ಬಾಯಿ ಅದಕ್ಕಿಂತ ಚುರುಕು. ಫುಟ್‌ಬಾಲ್ ಮೈದಾನದ ಮೂಲೆಯ ತಗಡಿನ ಅಂಗಡಿಯಲ್ಲಿ ನಲವತ್ತೊಂದು ವರ್ಷದಿಂದ ಡಿಮ್ ಸಿಮ್ ಎಂಬ ಮಾಂಸದ ಕಡುಬು ಮಾರುತ್ತಿರುವವನಿಗೆ ಜನರ ಹೆಸರಿನ ಅಗತ್ಯವೇ ಬಿದ್ದಿಲ್ಲ. ಯಾರು ಎಷ್ಟು ತಿನ್ನುತ್ತಾರೆ, ಹಬೆಯಲ್ಲಿ ಬೇಯಿಸಿದ್ದೋ ಎಣ್ಣೆಯಲ್ಲಿ ಕರಿದಿದ್ದೋ, ಅದೇ ಅವರ ಹೆಸರು. ಶಾಲೆಯ ಹೆಡ್‌ಮಿಸ್ ಅಪ್ಪನಿಗೆ ‘ನಾಲ್ಕು ಬೇಯಿಸಿದ್ದು, ಸೋಯಾ ಜಾಸ್ತಿ’. ಮರ್ಲ್ ಅಜ್ಜಿ ‘ಆರು ಬೇಯಿಸಿದ್ದು’. ಪಾದ್ರಿಗಳು ‘ಮೂರು ಕರಿದಿದ್ದು, ಹೆಂಡ್ತಿಗೆ ಹೇಳ್ಬೇಡ’. ಯಾರಾದರೂ ತೀರಿಕೊಂಡರೆ ಅಪ್ಪ ಪೇಪರಿನ ಫೋಟೋ ನೋಡಿ, "ಅಯ್ಯೋ, ಎರಡು ಬೇಯಿಸಿದ್ದು ಹೋಗ್ಬಿಟ್ನಲ್ಲೇ ಗ್ಲೆನಿಸ್" ಎಂದು ಮಗಳಾದ ನನಗೆ ಹೇಳಿ, ನಿಜವಾಗಿಯೂ ಕಣ್ಣು ಒರೆಸಿಕೊಳ್ಳುತ್ತಾನೆ.

ಕಿಟಕಿಗೆ ಬಂದವರನ್ನು ಅಪ್ಪ ಏನು ಬೇಕು ಎಂದು ಕೇಳುವುದಿಲ್ಲ. ಮುಖ ನೋಡುತ್ತಾನೆ, ಕಟ್ಟಿಕೊಡುತ್ತಾನೆ. ಕೇಳಿದನೆಂದರೆ ಅವರು ಹೊರಗಿನವರು. ಆಚೆ ಊರಿನ ತಂಡದ ಜೊತೆ ಬಂದವರಿಗೆ ಮಾತ್ರ ಆ ಪ್ರಶ್ನೆ: "ಬೇಯಿಸಿದ್ದಾ, ಕರಿದಿದ್ದಾ? ಹೆಸರೇನು?" ಆಮೇಲೆ ಕಾಗದದ ಚೀಲದ ಮೇಲೆ ಪೆನ್ಸಿಲಿನಲ್ಲಿ ಹೆಸರು.

ನಮ್ಮೂರಿನ ಮೇಯರ್ ನೆವಿಲ್ ಪ್ರೌಸ್ ಅಪ್ಪನಿಗೆ ‘ಎರಡು ಕರಿದಿದ್ದು’. ಅಂಗಡಿ ಶುರುವಾದ ಮೊದಲ ಶನಿವಾರ ಮೊದಲ ಗಿರಾಕಿಯೇ ಅವನು. ಆರು ವರ್ಷದವನು, ಮೂಗು ಸೋರುತ್ತಿತ್ತು, ಅವನಪ್ಪ ಎತ್ತಿ ಹಿಡಿದುಕೊಂಡಿದ್ದ. ಅವನಪ್ಪ ಊರಿನ ಕಟುಕ. ಡಿಮ್ ಸಿಮ್ಮಿಗೆ ಬೇಕಾದ ಕುರಿಮಾಂಸ ಅವತ್ತಿನಿಂದ ಇವತ್ತಿನವರೆಗೂ ಅವರ ಅಂಗಡಿಯಿಂದಲೇ ಬರುತ್ತದೆ. ಈಗ ಆ ಅಂಗಡಿ ನೆವಿಲನದು. ಈ ಮಾತು ನೆನಪಿಟ್ಟುಕೊಳ್ಳಿ, ಅವನು ಮರೆತಿದ್ದ.

ಆಗಸ್ಟ್ ತಿಂಗಳು. ಊರಿನ ರೇಡಿಯೋದಲ್ಲಿ ಯಾರೋ ಫೋನ್ ಮಾಡಿ, ಬೀದಿ ಬೆಕ್ಕುಗಳ ಕಾಟ ವಿಪರೀತವಾಗಿದೆ, ಕೌನ್ಸಿಲ್ ಏನು ಮಾಡುತ್ತಿದೆ ಎಂದು ಮೇಯರನ್ನು ಕೇಳಿದರು.

"ಅದ್ಯಾಕೆ ತಲೆ ಕೆಡಿಸ್ಕೋತೀರಿ?" ಎಂದ ನೆವಿಲ್. "ಹಿಡಿದು ಕ್ಲಾರಿ ಹೋಯ್ ಕೈಗೆ ಕೊಟ್ಬಿಡಿ. ಶನಿವಾರ ಸಾಯಂಕಾಲದೊಳಗೆ ಒಂದೂ ಉಳಿಯಲ್ಲ!"

ರೇಡಿಯೋದವನು ಕಿಸಕ್ಕನೆ ನಕ್ಕ. ನೆವಿಲ್ ತಾನೂ ನಕ್ಕ. ಎಲುಬಿಲ್ಲದ ನಾಲಿಗೆ, ಹೇಗೆ ಬೇಕಾದರೂ ಹೊರಳುತ್ತದೆ. ನಾನು ಅಡುಗೆಮನೆಯಲ್ಲಿ ಕೋಸು ಹೆಚ್ಚುತ್ತಿದ್ದೆ. ಕೈಯಲ್ಲಿದ್ದ ಚಾಕು ಹಾಗೇ ನಿಂತಿತು. ಅಪ್ಪನ ಕಡೆ ನೋಡಿದೆ. ಅವನು ಕಿವಿ ಮೆಷಿನ್ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡ.

"ಎರಡು ಕರಿದಿದ್ದು ಹಂಗಂದ್ನಾ?" ಎಂದ.

ನಮ್ಮ ಮುತ್ತಜ್ಜ ಚಿನ್ನ ಅಗೆಯಲು ಚೀನಾದಿಂದ ಈ ಊರಿಗೆ ಬಂದವನು. ಚಿನ್ನ ಸಿಗಲಿಲ್ಲ, ಸೊಪ್ಪು ಬೆಳೆದ. ಅಪ್ಪ ಹುಟ್ಟಿದ್ದು ಇಲ್ಲಿ, ಎಡಗಾಲು ಮುರಿದುಕೊಂಡಿದ್ದು ಇದೇ ಮೈದಾನದಲ್ಲಿ, ಕ್ಲಬ್ಬಿನ ಕೆಂಪು ಕಪ್ಪು ಜೆರ್ಸಿ ತೊಟ್ಟುಕೊಂಡು. ಚೀನಾ ದೇಶವನ್ನು ಅವನು ನೋಡಿದ್ದು ಟೀವಿಯಲ್ಲಿ. ಇನ್ನು ಡಿಮ್ ಸಿಮ್ಮನ್ನು ಚೀನಾದಲ್ಲಿ ಯಾರಿಗಾದರೂ ತೋರಿಸಿದರೆ ಇದೇನಪ್ಪಾ ಎಂದು ಕೇಳುತ್ತಾರೆ. ಮುಷ್ಟಿಯಷ್ಟು ದಪ್ಪ ಹಿಟ್ಟಿನ ಗಂಟು, ಒಳಗೆ ಕುರಿಮಾಂಸ, ಕೋಸು, ಕೈತುಂಬಾ ಮೆಣಸಿನಪುಡಿ. ಅದು ಹುಟ್ಟಿದ್ದು ಮೆಲ್ಬರ್ನಿನಲ್ಲಿ, ಬೆಳೆದಿದ್ದು ಫುಟ್‌ಬಾಲ್ ಮೈದಾನಗಳಲ್ಲಿ. ಥೇಟ್ ನಮ್ಮಪ್ಪನ ಹಾಗೆ.

ಆ ಶನಿವಾರ ಆಚೆ ಊರಿನ ಪಡ್ಡೆಗಳು ಕಿಟಕಿಯ ಮುಂದೆ ಸಾಲಾಗಿ ನಿಂತು "ಮಿಯಾಂವ್" ಎಂದರು. ಯಾರೋ ಗಂಟೆ ಕಟ್ಟಿದ ಬೆಕ್ಕಿನ ಕೊರಳಪಟ್ಟಿಯನ್ನು ಕಟ್ಟೆಯ ಮೇಲೆ ಇಟ್ಟು ಹೋದರು. ಅಪ್ಪ ಅದಕ್ಕೆಲ್ಲ ಜಗ್ಗುವವನಲ್ಲ. ಆದರೆ ಹಿಂದೆ ನಿಂತಿದ್ದ ನಮ್ಮೂರಿನವರೂ ನಕ್ಕರು. ‘ನಾಲ್ಕು ಬೇಯಿಸಿದ್ದು’ ನಕ್ಕಳು, ಪಾದ್ರಿಗಳೂ ನಕ್ಕರು. ಅಪ್ಪ ಹಬೆ ಪಾತ್ರೆಯ ಮುಚ್ಚಳ ಮುಚ್ಚಿ, ಗ್ಯಾಸ್ ಆರಿಸಿ, ಏಪ್ರನ್ ಬಿಚ್ಚಿ ಮೊಳೆಗೆ ನೇತುಹಾಕಿದ. ಆಟ ಇನ್ನೂ ಅರ್ಧವೂ ಆಗಿರಲಿಲ್ಲ. "ನಡಿಯೇ, ಮನೆಗೆ ಹೋಗಣ" ಎಂದ.

ಮುಂದಿನ ಶನಿವಾರ ಹೋಗಲಿಲ್ಲ. ಅದರ ಮುಂದಿನದಕ್ಕೂ ಇಲ್ಲ. ಬೆಳಗ್ಗೆ ಜೆರ್ಸಿ ಹಾಕಿಕೊಂಡು ಕುರ್ಚಿಯಲ್ಲಿ ಕೂರುತ್ತಿದ್ದ, ಸಂಜೆ ಬಿಚ್ಚಿಡುತ್ತಿದ್ದ. ಊಟ ಅರ್ಧ ತಟ್ಟೆಗೆ ಇಳಿಯಿತು. ಹತ್ತೊಂಬತ್ತು ವರ್ಷದ ಮೇಲೆ ನಮ್ಮ ತಂಡ ಫೈನಲ್ಲಿಗೆ ಹೋಗುವ ಹಾಗಿತ್ತು. ಅದನ್ನು ಹೇಳಿದರೂ "ಹೂಂ" ಅಷ್ಟೇ. ನನಗೆ ಹೆದರಿಕೆಯಾಯಿತು, ಸುಳ್ಳೇಕೆ ಹೇಳಲಿ. ಆ ಕಿಟಕಿ ಮುಚ್ಚಿದರೆ ಅಪ್ಪ ಹೆಚ್ಚು ದಿನ ಉಳಿಯುವುದಿಲ್ಲ ಎಂದು ಅನ್ನಿಸಿಬಿಟ್ಟಿತು.

ಹೆದರಿಕೆಯಾದಾಗ ನನಗೆ ಸಿಟ್ಟು ಬರುತ್ತದೆ. ನಾನೂ ಅದೇ ರೇಡಿಯೋಗೆ ಫೋನ್ ಮಾಡಿದೆ.

"ನಮ್ಮ ಡಿಮ್ ಸಿಮ್ಮಿಗೆ ನಲವತ್ತೊಂದು ವರ್ಷದಿಂದ ಮಾಂಸ ಬರ್ತಿರೋದು ಮೇಯರ್ ಸಾಹೇಬ್ರ ಅಂಗಡಿಯಿಂದ" ಎಂದೆ. "ಅದು ಬೆಕ್ಕು ಅಂತ ಅವರೇ ಹೇಳಿದ್ಮೇಲೆ ನಂಬಲೇಬೇಕಲ್ವಾ? ಅವರ ಸಾಸೇಜಿನೊಳಗೆ ಏನಿದೆಯೋ ಆ ದೇವರೇ ಬಲ್ಲ."

ಒಂದೇ ವಾರ. ಪ್ರೌಸ್ ಅಂಗಡಿಯ ಸಾಸೇಜನ್ನು ನಾಯಿಯೂ ಮೂಸಲಿಲ್ಲ. ಬೆಕ್ಕಿಗೆ ಚೆಲ್ಲಾಟ ಇಲಿಗೆ ಪ್ರಾಣಸಂಕಟ ಅಂತಾರಲ್ಲ, ಈ ಸಲ ಸಂಕಟ ಕಟುಕನಿಗೇ ಬಂತು. ಕೌನ್ಸಿಲ್ಲಿಗೆ ಇದ್ದಕ್ಕಿದ್ದಂತೆ ನಮ್ಮ ಸಂಸ್ಕೃತಿಯ ಮೇಲೆ ಪ್ರೀತಿ ಉಕ್ಕಿತು. ಮೆಲ್ಬರ್ನಿನಿಂದ ಸಲಹೆಗಾರ್ತಿಯೊಬ್ಬಳನ್ನು ಕರೆಸಿದರು. ಪೆಟ್ರಾ ಎಂದು ಹೆಸರು, ಮೂವತ್ತು ದಾಟಿಲ್ಲ, ಮೃದುವಾದ ದನಿ. ಯಾರ ಮನಸ್ಸೂ ನೋಯದ ಹಾಗೆ ಮಾತಾಡುವುದು ಹೇಗೆಂದು ಊರಿಗೆಲ್ಲ ಕಲಿಸುವುದು ಅವಳ ಕೆಲಸ.

ಒಂದು ಮಂಗಳವಾರ ಪೆಟ್ರಾ, ನೆವಿಲ್, ಪೇಪರಿನ ಫೋಟೋದವನು, ಮೂವರೂ ನಮ್ಮ ಮನೆ ಬಾಗಿಲಿಗೆ ಬಂದರು. ನೆವಿಲ್ ಮೇಯರ್ ಪದವಿಯ ಸರಪಳಿಯನ್ನೂ ಕೊರಳಿಗೆ ಹಾಕಿಕೊಂಡಿದ್ದ. ಅಪ್ಪ ಕುರ್ಚಿಯಿಂದ ಏಳಲಿಲ್ಲ. ಪೆಟ್ರಾ ಕಣ್ಸನ್ನೆ ಮಾಡಿದಳು. ನೆವಿಲ್ ಎರಡೂ ಕೈ ಜೋಡಿಸಿ, ಸೊಂಟ ಬಗ್ಗಿಸಿ, "ನೀ ಹಾವ್" ಎಂದ.

ಅಪ್ಪ ನನ್ನ ಕಡೆ ತಿರುಗಿದ. "ಏನಂತೆ ಇವನಿಗೆ? ಹೊಟ್ಟೆನೋವಾ?"

"ಚೀನೀ ಭಾಷೇಲಿ ನಮಸ್ಕಾರ ಹೇಳ್ತಿದಾನಪ್ಪ."

"ಓಹೋ" ಎಂದ ಅಪ್ಪ. ಎದ್ದು ನಿಂತ. ತಾನೂ ಕೈ ಜೋಡಿಸಿದ, ಸೊಂಟ ಬಗ್ಗಿಸಿದ, ನೆವಿಲನ ಮುಖ ನೋಡಿ ಗಂಭೀರವಾಗಿ ಹೇಳಿದ: "ಮಿಯಾಂವ್."

ಫೋಟೋದವನು ನಗು ತಡೆಯಲಾರದೆ ಹೊರಗೆ ಓಡಿದ. ನೆವಿಲನ ಕಿವಿ ಕೆಂಪಾಯಿತು. ಪೆಟ್ರಾ ಮಾತ್ರ ಎದೆಗುಂದಲಿಲ್ಲ, ಅಪ್ಪನ ಪಕ್ಕದಲ್ಲಿ ಮಂಡಿಯೂರಿ ಕೂತಳು.

"ಮಿಸ್ಟರ್ ಹೋಯ್, ನಿಮಗೆ ತುಂಬಾ ನೋವಾಗಿದೆ. ನಿಮ್ಮ ದನಿ ಎಲ್ರಿಗೂ ಕೇಳಿಸ್ಬೇಕು."

"ಜೋರಾಗೇ ಮಾತಾಡ್ತೀನಲ್ಲಮ್ಮ. ಕೇಳಿಸ್ಲಿಲ್ವಾ? ನನ್ನ ಮೆಷಿನ್ ಬೇಕಾದ್ರೆ ಹಾಕ್ಕೋ."

ನೆವಿಲ್ ಜೇಬಿನಿಂದ ಚೀಟಿ ತೆಗೆದು ಓದಿದ. ಯಾರ ಮನಸ್ಸಿಗಾದರೂ ನೋವಾಗಿದ್ದಲ್ಲಿ, ಆಗಿರಬಹುದಾದಲ್ಲಿ, ವಿಷಾದ, ವೈವಿಧ್ಯ, ಗೌರವ, ಏನೇನೋ. ಚೀಟಿ ಪೆಟ್ರಾಳ ಕೈಬರಹದಲ್ಲಿತ್ತು. ಓದಿ ಮುಗಿಸುವ ಹೊತ್ತಿಗೆ ಅಪ್ಪ ಕಣ್ಣು ಮುಚ್ಚಿದ್ದ. ಮಲಗಿರಲಿಲ್ಲ, ನನಗೆ ಗೊತ್ತು.

ಫೈನಲ್ಲಿಗೆ ವಾರ ಇದೆ ಎನ್ನುವಾಗ ಅಂಗಡಿಯ ಬಾಗಿಲಿಗೆ ಕೌನ್ಸಿಲ್ಲಿನ ನೋಟೀಸು ಅಂಟಿತು. ಕಿತ್ತು ತಂದು ಅಪ್ಪನ ತೊಡೆಯ ಮೇಲೆ ಹಾಕಿದೆ. ಅವನು ಕನ್ನಡಕ ಹುಡುಕಿ ಓದಿದ. ‘ಡಿಮ್ ಸಿಮ್’ ಎನ್ನುವುದು ಒಂದು ಜನಾಂಗದ ಆಹಾರವನ್ನು ವಿಕೃತಗೊಳಿಸಿದ ರೂಪವಾದ್ದರಿಂದ ಅದನ್ನು ಮಾರುವುದು ಸೂಕ್ಷ್ಮತೆಗೆ ತಕ್ಕುದಲ್ಲವಂತೆ. ಫೈನಲ್ ದಿನ ಪಕ್ಕದಲ್ಲೇ ಶಾಮಿಯಾನ ಹಾಕಿ ಮೆಲ್ಬರ್ನಿನ ಅಡುಗೆಯವರಿಂದ ‘ಅಸಲಿ’ ತಿನಿಸು ಕೊಡಿಸುತ್ತಾರಂತೆ. ಮಿಸ್ಟರ್ ಹೋಯ್ ಅವರು ರೇಷ್ಮೆ ಅಂಗಿ ತೊಟ್ಟು ಉದ್ಘಾಟಿಸಿದರೆ ಸಂತೋಷವಂತೆ. ಜೊತೆಗೆ ಎಡಮಾಮೆಯೂ ಇರುತ್ತದಂತೆ.

"ಎಡಮಾಮೆ ಅಂದ್ರೇನೇ?"

"ಅದೊಂದು ತರ ಹಸಿ ಕಾಳಪ್ಪ. ಜಪಾನಿನೋರದು."

"ಜಪಾನಿನೋರದು!" ಅಪ್ಪ ಕುರ್ಚಿಯ ಕೈ ಹಿಡಿದು ಎದ್ದೇಬಿಟ್ಟ. "ಬೆಕ್ಕು ಅಂದ್ರು, ನುಂಗ್ಕೊಂಡೆ. ಈಗ ನಲವತ್ತೊಂದು ವರ್ಷ ನಾನು ಮಾಡಿದ್ದೇ ಅಸಲಿ ಅಲ್ವಂತಾ? ನಾನು ಅಸಲಿ ಅಲ್ವಾ? ಗ್ಲೆನಿಸ್, ಕೋಸು ಎಷ್ಟಿದೆ?"

ಗಾಯದ ಮೇಲೆ ಉಪ್ಪು ಸವರಿದರೆ ಗಾಯ ವಾಸಿಯಾಗುತ್ತದೆ ಎಂದು ನನಗೆ ಅವತ್ತೇ ಗೊತ್ತಾಗಿದ್ದು.

"ಇಪ್ಪತ್ತು ಗಡ್ಡೆ ತರಿಸ್ತೀನಿ. ಮಾಂಸ ಆಚೆ ಊರಿಂದ ತರ್ಲಾ?"

"ಯಾಕೆ? ಪ್ರೌಸ್ ಅಂಗಡೀಲಿ ಕುರಿ ಸತ್ತೋಗಿದಾವಾ?" ಎಂದು ಗದರಿಸಿದ. "ಅಲ್ಲೇ ತಾ. ಮಾಂಸ ಏನು ತಪ್ಪು ಮಾಡಿದೆ? ಬೇರೆ ಕಡೆ ತಂದ್ರೆ ಅವನು ಹೇಳಿದ್ದೇ ನಿಜ ಅಂತಾಗತ್ತೆ."

ನೋಟೀಸನ್ನು ಮಡಿಸಿ ಕುಂಟುತ್ತಿದ್ದ ಮೇಜಿನ ಕಾಲಿನಡಿ ಇಟ್ಟ.

ಫೈನಲ್ ದಿನ ಬೆಳಗ್ಗೆ ಹತ್ತಕ್ಕೆ ಅಪ್ಪ ಕಿಟಕಿ ತೆಗೆದ. ಮೈಮೇಲೆ ರೇಷ್ಮೆಯಲ್ಲ, ಮೊಣಕೈಯಲ್ಲಿ ತೂತಾದ ಕೆಂಪು ಕಪ್ಪು ಜೆರ್ಸಿ. ಮೊದಲು ಯಾರೂ ಹತ್ತಿರ ಬರಲಿಲ್ಲ. ನಾಚಿಕೆ ಇರಬೇಕು. ಹಬೆಗೆ ನಾಚಿಕೆ ಇಲ್ಲವಲ್ಲ, ಅದು ಮೆಣಸಿನ ವಾಸನೆ ಹೊತ್ತು ಮೈದಾನವೆಲ್ಲ ಸುತ್ತಿತು. ಮರ್ಲ್ ಅಜ್ಜಿ ಕೋಲೂರಿಕೊಂಡು ಬಂದಳು.

"ಏನೋ ಕ್ಲಾರಿ, ನನ್ನ ಉಪವಾಸ ಕೆಡವಿ ಸಾಯ್ಸಬೇಕು ಅಂತಿದ್ಯಾ?"

"ಆರು ಬೇಯಿಸಿದ್ದು! ಬಾರಮ್ಮ" ಎಂದ ಅಪ್ಪ. ಮುಚ್ಚಳ ತೆಗೆದು ಆರು ಎಣಿಸಿ ಕಟ್ಟಿದ.

ಅಷ್ಟೇ ಬೇಕಾಗಿತ್ತು. ಸಾಲು ಗೋಲ್ ಕಂಬದವರೆಗೆ ಬೆಳೆಯಿತು. ಹೆಡ್‌ಮಿಸ್ ತಲೆ ತಗ್ಗಿಸಿಕೊಂಡೇ ಬಂದಳು, ಅಪ್ಪ ಏನೂ ಕೇಳದೆ ನಾಲ್ಕು ಕಟ್ಟಿ ಸೋಯಾ ಜಾಸ್ತಿ ಹಾಕಿದ. ಪಾದ್ರಿಗಳಿಗೆ ಮೂರರ ಬದಲು ನಾಲ್ಕು ಕೊಟ್ಟು, "ಒಂದು ಹೆಂಡ್ತಿಗೆ ಕೊಡಿ, ಬಾಯಿ ಮುಚ್ಚತ್ತೆ" ಎಂದ. ನಕ್ಕವರೆಲ್ಲರಿಗೂ ಅವರವರ ಹೆಸರು ವಾಪಸು ಸಿಕ್ಕಿತು. ಪಕ್ಕದ ಶಾಮಿಯಾನದಲ್ಲಿ ಅಸಲಿ ತಿನಿಸಿನ ಮುಂದೆ ಮೂರು ಜನರಿದ್ದರು, ಮೂವರೂ ಕೌನ್ಸಿಲ್ ನೌಕರರು.

ಮಧ್ಯಾಹ್ನಕ್ಕೆ ಪೆಟ್ರಾ ಸಾಲಿನಲ್ಲಿ ಬಂದು ನಿಂತಳು. ಬಿಸಿಲಿಗೆ ಮುಖ ಬಾಡಿತ್ತು.

"ಬೇಯಿಸಿದ್ದಾ, ಕರಿದಿದ್ದಾ? ಹೆಸರೇನು?" ಎಂದ ಅಪ್ಪ.

"ಒಂದು ಬೇಯಿಸಿದ್ದು. ಪೆಟ್ರಾ" ಎಂದಳು ಮೆಲ್ಲಗೆ. ಹತ್ತು ನಿಮಿಷಕ್ಕೆ ಮತ್ತೆ ಬಂದಳು. ಆಮೇಲೆ ಮತ್ತೊಮ್ಮೆ. ಮೂರನೆಯ ಸಲ ಅವಳು ಬಾಯಿ ತೆರೆಯುವ ಮೊದಲೇ ಅಪ್ಪ ಚೀಲ ಮುಂದೆ ಚಾಚಿದ. ಮೇಲೆ ಏನೂ ಬರೆದಿರಲಿಲ್ಲ. "ತಗೋ ಒಂದು ಬೇಯಿಸಿದ್ದು. ಹೊಟ್ಟೆ ನೋಡ್ಕೊಂಡು ತಿನ್ನು ತಾಯಿ." ಏನು ಸಿಕ್ಕಿತೆಂದು ಪಾಪ ಅವಳಿಗೆ ಗೊತ್ತಾಗಲಿಲ್ಲ. ಸಾಲಿನಲ್ಲಿದ್ದ ಊರಿನವರಿಗೆ ಗೊತ್ತಾಯಿತು, ಒಂದಿಬ್ಬರು ಚಪ್ಪಾಳೆಯನ್ನೂ ತಟ್ಟಿದರು.

ಆಟದ ನಾಲ್ಕು ಅವಧಿಗಳಲ್ಲಿ ಮೂರನೆಯದು ಶುರುವಾದಾಗ ನೆವಿಲ್ ಹಿಂಬಾಗಿಲಿಗೆ ಬಂದ, ಸರಪಳಿ ಸಮೇತ.

"ಗ್ಲೆನಿಸ್, ಒಂದು ನಿಮಿಷ ಒಳಗೆ ಬಿಡು. ಕ್ಲಾರಿ ಹತ್ರ ಮಾತಾಡ್ಬೇಕು."

"ಸಾಲು ಆ ಕಡೆ ಇದೆ" ಎಂದು ಬಾಗಿಲು ಹಾಕಿದೆ. ಹಾಕಿದ್ದಕ್ಕೆ ಇವತ್ತಿಗೂ ಖುಷಿಯಿದೆ.

ಹೋಗಿಬಿಡುತ್ತಾನೆ ಎಂದುಕೊಂಡಿದ್ದೆ. ಹೋಗಲಿಲ್ಲ. ಸರಪಳಿ ತೆಗೆದು ಜೇಬಿಗೆ ತುರುಕಿಕೊಂಡು ಸಾಲಿನ ತುದಿಯಲ್ಲಿ ನಿಂತ. ಮೈದಾನದಲ್ಲಿ ಹತ್ತೊಂಬತ್ತು ವರ್ಷಕ್ಕೊಮ್ಮೆ ಬಂದ ಫೈನಲ್ ನಡೆಯುತ್ತಿತ್ತು, ಜನ ಹೋ ಎಂದು ಕೂಗುತ್ತಿದ್ದರು, ಅವನು ಮುಂದಿನವರ ಬೆನ್ನು ನೋಡಿಕೊಂಡು ಹೆಜ್ಜೆ ಹೆಜ್ಜೆಯಾಗಿ ಬಂದ. ಮುಕ್ಕಾಲು ಗಂಟೆಯಾಯಿತು. ಫೋಟೋದವನೂ ಇಲ್ಲ, ಚೀಟಿಯೂ ಇಲ್ಲ. ಕಿಟಕಿಗೆ ಬಂದು ಕಟ್ಟೆಯ ಮೇಲೆ ಎರಡೂ ಕೈ ಊರಿದ.

"ಕ್ಲಾರಿ, ನನ್ನಿಂದ ತಪ್ಪಾಯ್ತು. ಬಾಯಿಗೆ ಬಂದಂಗೆ ಅಂದ್ಬಿಟ್ಟೆ. ದೊಡ್ಡವರು ನೀವು, ಹೊಟ್ಟೆಗೆ ಹಾಕ್ಕೊಳ್ಳಿ."

ಅಪ್ಪ ಚಿಮಟ ಕೆಳಗಿಟ್ಟು ಅವನ ಮುಖವನ್ನು ಬಹಳ ಹೊತ್ತು ನೋಡಿದ.

"ನಾನು ಮಾರೋನಪ್ಪ" ಎಂದ ಅಪ್ಪ. "ಹೊಟ್ಟೆಗೆ ಹಾಕ್ಕೊಳ್ಳೋದು ನಿಂಗೆ ಬಿಟ್ಟಿದ್ದು. ಬೇಯಿಸಿದ್ದಾ, ಕರಿದಿದ್ದಾ?"

ನೆವಿಲ್ ಮೊದಲು ನಕ್ಕ. ಆಮೇಲೆ ಅವನಿಗೆ ಅರ್ಥವಾಯಿತು.

"ಕ್ಲಾರಿ... ನಾನು. ನಾನು ಕಣ್ರೀ."

"ಕಾಣ್ತಿದೆ. ಬೇಯಿಸಿದ್ದಾ, ಕರಿದಿದ್ದಾ?"

"ಎರಡು" ಎಂದ ನೆವಿಲ್. ನಲವತ್ತೇಳು ವರ್ಷದ ಗಂಡಸು ಎರಡು ಬೆರಳು ಎತ್ತಿ ತೋರಿಸಿದ. "ಎರಡು ಕರಿದಿದ್ದು."

ಅಪ್ಪ ಎರಡನ್ನು ಎಣ್ಣೆಗೆ ಬಿಟ್ಟ. ಚೆನ್ನಾಗಿಯೇ ಕರಿದ, ಎಲ್ಲರಿಗೂ ಕರಿಯುವ ಹಾಗೆ, ಒಂದು ಚೂರೂ ಸೀಯಿಸಲಿಲ್ಲ. ಚೀಲಕ್ಕೆ ಹಾಕಿದ. ಆಮೇಲೆ ಕಿವಿಯ ಹಿಂದೆ ಸಿಕ್ಕಿಸಿದ್ದ ಪೆನ್ಸಿಲ್ ತೆಗೆದು ಕೇಳಿದ.

"ಹೆಸರೇನು?"

"ನೆವಿಲ್."

"ಹೇಗೆ ಬರೀಬೇಕು? ಒಂದೊಂದೇ ಅಕ್ಷರ ಹೇಳು. ಗೊತ್ತಿಲ್ದೋರ ಹೆಸರು ತಪ್ಪು ಬರೀಬಾರ್ದು, ಮನಸ್ಸಿಗೆ ನೋವಾಗತ್ತೆ."

ನೆವಿಲ್ ಒಂದೊಂದೇ ಅಕ್ಷರ ಹೇಳಿದ. ಅಪ್ಪ ಒಂದೊಂದೇ ಅಕ್ಷರ ಬರೆದ, ಚೀಲವನ್ನು ಅವನ ಕೈಗಿಟ್ಟ, ಅವನ ಭುಜದಾಚೆ ಕತ್ತು ಚಾಚಿ ನೋಡಿದ.

"ಆರು ಬೇಯಿಸಿದ್ದು! ಮತ್ತೆ ಬಂದ್ಯಾ? ಬಾ, ಬಾ."