ಕವರಿನೊಳಗಿನ ಚೀಟಿ

ಕೋಡಿನ ಮುನ್ನೂರ ಹನ್ನೆರಡು ಪರೀಕ್ಷೆಗಳಲ್ಲಿ ಮುನ್ನೂರ ಹನ್ನೊಂದು ಪಾಸಾಗಿ ಹಸಿರಾಗಿದ್ದವು, ಒಂದು ಮಾತ್ರ ಕೆಂಪಗೆ ಕೂತಿತ್ತು. ಸೌಂದರ್ಯ ನಾಲ್ಕನೆಯ ಸಲ ಓಡಿಸಿದಳು. ಅದು ಜಪ್ಪಯ್ಯ ಅನ್ನಲಿಲ್ಲ.

ಚಿಕ್ಕಮಗಳೂರಿನ ಆ ಸಣ್ಣ ಆಫೀಸಿನ ಕೆಲಸವೇ ಒಂದು ಪ್ರೋಗ್ರಾಮಿಂಗ್ ಭಾಷೆಯ ಲೈಬ್ರರಿಯನ್ನು, ಅಂದರೆ ಎಲ್ಲರೂ ಬಳಸುವ ಸಿದ್ಧ ಕೋಡಿನ ಸಂಗ್ರಹವನ್ನು, ನೋಡಿಕೊಳ್ಳುವುದು. ಪ್ರೋಗ್ರಾಮ್ ಬರೆಯುವವರು ತಮ್ಮ ಕೋಡಿಗೆ ಅಲ್ಲಲ್ಲಿ ಟಿಪ್ಪಣಿಯ ಚೀಟಿ ಅಂಟಿಸುತ್ತಾರೆ. ಒಂದೇ ಬಗೆಯ ಚೀಟಿ ಎರಡು ಮೂರಾದರೆ ಭಾಷೆ ಅವನ್ನೆಲ್ಲ ಒಂದು ಕವರಿಗೆ ಹಾಕಿಬಿಡುತ್ತದೆ. ಯಾರಾದರೂ ಕೇಳಿದಾಗ ಬೇಕಾದ ಚೀಟಿ ಹುಡುಕಿಕೊಡುವುದು ಲೈಬ್ರರಿಯ ಪಾಲಿಗೆ. ಹಳೆಯ ಕೋಡು ಕೇಳಿದಷ್ಟು ಸಲವೂ ಮೊದಲಿನಿಂದ ಹುಡುಕುತ್ತಿತ್ತು. ಸೌಂದರ್ಯ ಅದಕ್ಕೆ ನೆನಪಿಟ್ಟುಕೊಳ್ಳುವುದನ್ನು ಕಲಿಸಿದ್ದಳು. ಈಗ ಹತ್ತು ಪಟ್ಟು ಬೇಗ. ಆದರೆ ಆ ಕೆಂಪು!

ಹಳೆಯ ಕೋಡು ವಿಘ್ನೇಶನದು. ಎರಡು ವರ್ಷ ಪಕ್ಕದ ಕುರ್ಚಿಯಲ್ಲಿ ಕೂತು, ಅವಳ ಡಬ್ಬಿಯ ಅಕ್ಕಿರೊಟ್ಟಿಗೆ ಹೇಳದೆ ಕೇಳದೆ ಕೈಹಾಕಿ, ಅಪ್ಪನ ಕೈ ನಡುಗತೊಡಗಿದ ಮೇಲೆ ದೇವಸ್ಥಾನದ ಪೂಜೆಗೆಂದು ಕಳಸಕ್ಕೆ ಹೋದವನು. ಹೊರಡುವಾಗ "ಬರ್ತೀನಿ" ಅಂದ, ಅಷ್ಟೇ. ಭಟ್ಟರ ಮಗನಿಂದ ಬಾಳೂರಿನ ಎಸ್ಟೇಟ್ ಮೇಸ್ತ್ರಿ ದಾಸಯ್ಯನ ಮಗಳು ಇನ್ನೇನು ಮಾತು ಕಾಯಬೇಕಿತ್ತು? ಆದರೂ ಕಾದಿದ್ದಳು. ಹನ್ನೊಂದು ತಿಂಗಳಾಯಿತು. ಕಳಸದ ಬೋರ್ಡಿನ ಬಸ್ಸು ಕಂಡರೆ ಇವತ್ತಿಗೂ ಇಳಿಯುವವರ ಮುಖ ನೋಡುತ್ತಾಳೆ.

ಬೇರೆ ದಾರಿಯಿಲ್ಲ ಎಂದು ತನಗೆ ತಾನೇ ಹೇಳಿಕೊಂಡು ಅವನಿಗೆ ಫೋನ್ ಮಾಡಿದಳು. ನಿಜ ಹೇಳಬೇಕೆಂದರೆ, ಕೊನೆಗೂ ಒಂದು ನೆಪ ಸಿಕ್ಕಿತ್ತು.

"ಎಂತ ಮಾರಾಯ್ತಿ, ಬದುಕಿದ್ಯಾ?"

"ನಿನ್ನ ಕೋಡ್ ಮುಟ್ಟಿದೀನಿ. ಒಂದು ಟೆಸ್ಟ್ ಪಾಸಾಗ್ತಿಲ್ಲ."

"ಹೊರಗೆ ಚೀಟಿ ಕಾಣ್ದೇ ಇದ್ರೆ ಎಂತ ಮಾಡತ್ತೆ ಅದು?"

"ಇಲ್ಲ ಅಂತ ಬರೆದಿಟ್ಕೊಳತ್ತೆ. ಮತ್ತೆ ಹುಡುಕಲ್ಲ."

ಹೇಳುತ್ತಿದ್ದಂತೆ ಅವಳಿಗೇ ಹೊಳೆಯಿತು. ಬಾಳೂರಿನ ಕಣದಲ್ಲಿ ಅಪ್ಪ ಕಾಫಿ ಚೀಲಗಳ ಬಾಯಿಗೆ ಚೀಟಿ ಕಟ್ಟುತ್ತಿದ್ದ. ಹೊರಗೆ ಚೀಟಿ ಇಲ್ಲದ ಚೀಲವನ್ನು ಬಿಚ್ಚಿ ನೋಡುವ ಪದ್ಧತಿಯೇ ಅಲ್ಲಿರಲಿಲ್ಲ, ಪಕ್ಕಕ್ಕೆ ಸರಿಸುವುದೇ. ಆ ಚೀಲಗಳ ನಡುವೆ ಬೆಳೆದವಳ ಬುದ್ಧಿ ಕೋಡಿಗೂ ಹೋಗಿತ್ತು.

"ಒಂದೇ ಚೀಟಿ ಇದ್ರೂ ಕೆಲವ್ರು ಕವರಲ್ಲೇ ಹಾಕಿಡ್ತಾರೆ," ಅಂದ ವಿಘ್ನೇಶ. "ಒಳಗೆ ನೋಡ್ದೆ ಇಲ್ಲ ಅನ್ಬಾರ್ದು. ಒಂದ್ಸಲ ಪೂರ್ತಿ ನೋಡ್ಲಿ, ಆಮೇಲೆ ನೆನಪಿಟ್ಕೊಳ್ಲಿ."

ಕೆಲಸದ ಮಾತು ಮುಗಿಯಿತು. ಇಬ್ಬರೂ ಫೋನ್ ಇಡಲಿಲ್ಲ. ಆ ಕಡೆ ಯಾರೋ ಕೊಡಪಾನ ಇಳಿಸಿದ ಸದ್ದು ಕೇಳಿತು. ಈಗ ಕೇಳದಿದ್ದರೆ ಸಾಯುವ ತನಕ ಕೇಳಲಾರೆ ಅನ್ನಿಸಿತು ಸೌಂದರ್ಯಳಿಗೆ.

"ವಿಘ್ನೇಶ, ಹೋಗುವಾಗ ನಂಗೆ ಹೇಳೋದು ಏನಾದ್ರೂ ಇತ್ತಾ?"

"ಇತ್ತು. ಎರಡು ವರ್ಷವೂ ಇತ್ತು. ಧೈರ್ಯ ಇರ್ಲಿಲ್ಲ." ಆಮೇಲೆ ತಗ್ಗಿದ ದನಿಯಲ್ಲಿ, "ಬರೋ ತಿಂಗಳು ನನ್ನ ಮದ್ವೆ, ಸೌಂದರ್ಯಾ. ಶೃಂಗೇರಿ ಕಡೆ ಹುಡುಗಿ," ಅಂದ.

"ಒಳ್ಳೇದಾಯ್ತು ಮಾರಾಯ."

ಫೋನ್ ಇಟ್ಟು ಮುಖ ತೊಳೆದು ಬಂದು, ಕವರಿನೊಳಗೂ ನೋಡುವಂತೆ ಕೋಡು ತಿದ್ದಿದಳು.

ಆ ಆಫೀಸಿನಲ್ಲಿ ಕೋಡು ಬರೆದವರು ಅದರ ನೆತ್ತಿಗೆ ತಮ್ಮ ಹೆಸರಿನ ಚೀಟಿ ಅಂಟಿಸಬೇಕು. ಎಲ್ಲ ಹೊಸದಾಗಿ ಬರೆದೆನಲ್ಲ ಎಂದು ಬೆಳಿಗ್ಗೆ ಅವಳು ವಿಘ್ನೇಶನ ಚೀಟಿ ಕಿತ್ತು ತನ್ನದನ್ನು ಹಾಕಿದ್ದಳು. ಈಗ ಅವನದನ್ನು ತಂದು ತನ್ನದರ ಜೊತೆಗೇ ಮತ್ತೆ ಅಂಟಿಸಿದಳು.

ಓಡಿಸಿದಳು. ಎಲ್ಲವೂ ಹಸಿರು. ಬರೆದವರು ಯಾರು ಎಂದು ಲೈಬ್ರರಿಯನ್ನು ಕೇಳಿದಳು. ಅದು ಕವರು ಬಿಚ್ಚಿ ಎರಡು ಹೆಸರನ್ನೂ ಒಟ್ಟಿಗೆ ತೋರಿಸಿತು. ಇನ್ನೊಮ್ಮೆ ಕೇಳಿದಳು. ಈ ಸಲ ಅದು ಹುಡುಕಲಿಲ್ಲ. ಅದಕ್ಕೆ ನೆನಪಿತ್ತು.