ಗುರುಗ್ರಹದ ಚಾದರ

ಇಪ್ಪತ್ತು ವರ್ಷ ನವಿಲನ್ನೇ ಬರೆದವನಿಗೆ ನವಿಲೆಂದರೆ ವಾಕರಿಕೆ ಬರುತ್ತದೆ. ಸೊಲ್ಲಾಪುರದ ಅಕ್ಕಲಕೋಟ ರಸ್ತೆಯ ಕಾರಖಾನೆಯೊಂದರಲ್ಲಿ ಚಾದರಗಳಿಗೆ ನಕ್ಷೆ ಬರೆಯುತ್ತಿದ್ದ ಕಲ್ಯಾಣಪ್ಪನಿಗೆ ಬಂದಿತ್ತು. ಹೀಗಾಗಿ ೧೯೭೯ರ ಆಷಾಢದಲ್ಲಿ, ವಾಯೇಜರ್ ನೌಕೆ ತೆಗೆದ ಗುರುಗ್ರಹದ ಬಣ್ಣದ ಚಿತ್ರವನ್ನು ವಾರಪತ್ರಿಕೆಯಲ್ಲಿ ಕಂಡಾಗ ಅವನು ಮೊದಲು ನೋಡಿದ್ದು ಗ್ರಹವನ್ನಲ್ಲ, ಪಟ್ಟೆಗಳನ್ನು. ಕೆನೆ, ಇಟ್ಟಿಗೆ, ಅರಿಶಿನ. ಯಾವ ನೇಕಾರನ ಹಂಗೂ ಇಲ್ಲದೆ ಬ್ರಹ್ಮ ಚಾದರ ನೇಯ್ದು ಕತ್ತಲೆಯಲ್ಲಿ ಒಣಹಾಕಿದ್ದ. ಕೆಳಭಾಗದಲ್ಲೊಂದು ಕೆಂಪು ಕಲೆ. ಎದುರಿಗೆ ಎರಡು ಚಂದ್ರ, ಅಂಚಿನ ಗೊಂಡೆ ಹರಿದು ಬಿದ್ದಂತೆ.

ತಿಂಗಳೊಪ್ಪತ್ತು ಜಕಾರ್ಡ್ ಮಗ್ಗಕ್ಕೆ ನಕ್ಷೆ ಹೇಳಿಕೊಡುವ ರಟ್ಟುಗಳಿಗೆ ತೂತು ಹೊಡೆದು ಒಂದು ಮಾದರಿ ನೇಯಿಸಿದ. ಮಾಲೀಕ ಅಮೃತಪ್ಪನವರು ಕೈಮುಗಿಯಬೇಕೋ ಬೈಯಬೇಕೋ ತಿಳಿಯದೆ ಎರಡನ್ನೂ ಮಾಡಿದರು.

"ನವಗ್ರಹದಾಗಿನ ದೇವ್ರನ್ನ ತಂದು ಮಂದಿ ಕಾಲಾಗ ಕೆಡವ್ತಿಯಲ್ಲೋ! ಹೊತಗೊಂಡವ ಕಾಲ ಚಾಚಿದ್ರ ಯಾರಿಗಿ ಬಡಿತೈತಿ?"

"ಗ್ರಹ ತೆಲಿ ಕಡಿ ಮಾಡಿ ಹೊತಗೊಳ್ಳಲಿ, ಮಾಲಕ್ರ."

"ದೇವ್ರ ಮಾರಿ ಮ್ಯಾಲ ಗೊರಕಿ ಹೊಡೀಲೇನು?"

ಕಡೆಗೆ ಒಪ್ಪಂದವಾಯಿತು. ಅಕ್ಕಲಕೋಟದ ಯಾತ್ರಿಕರು ಯಾವ ಚಾದರ ಹೊತ್ತು ಊರಿಗೆ ಮರಳಬೇಕೆಂದು ನಿರ್ಧರಿಸುತ್ತಿದ್ದವರು ಅಲ್ಲಿನ ಅಂಗಡಿಯ ಶಾರದಾಬಾಯಿ. ಅವರು ಒಪ್ಪಿದರೆ ಗುರು ಉಳಿದ. ಒಪ್ಪದಿದ್ದರೆ ರಟ್ಟುಗಳು ಬಚ್ಚಲೊಲೆಗೆ, ಕಲ್ಯಾಣಪ್ಪ ಸಾಯುವ ತನಕ ನವಿಲಿಗೆ.

ಶ್ರಾವಣದ ಒಂದು ಮಧ್ಯಾಹ್ನ ಅಂಗಡಿಯ ಗಾದಿಯ ಮೇಲೆ ಗುರುಗ್ರಹ ಬಿಚ್ಚಿಕೊಂಡಿತು. ಕಲ್ಯಾಣಪ್ಪ ಅಂಚು ಹಿಡಿದು ಸುಕ್ಕು ಬಿಡಿಸಿದ; ಅಮೃತಪ್ಪನವರು ಪಕ್ಕದಲ್ಲೇ ಕುಳಿತಿದ್ದರು.

"ಇದೇನ್ರಿ ಕೆಂಪಗ? ಯಾರರ ಎಲಿ ತಿಂದು ಉಗುಳ್ಯಾರೇನು?" ಎಂದರು ಶಾರದಾಬಾಯಿ.

"ಬಿರುಗಾಳಿ ರಿ, ಅಕ್ಕಾರ. ನಮ್ಮ ಭೂಮಿಕಿಂತ ದೊಡ್ಡದು. ಮುನ್ನೂರು ವರ್ಷಾತು, ಹಂಗಽ ಐತಿ."

"ಮುನ್ನೂರು ವರ್ಷ ಹೋಗಿಲ್ಲಾ? ಹಂಗಾರ ಬಣ್ಣ ಪಕ್ಕಾ."

ಅಮೃತಪ್ಪನವರು ಕೆಮ್ಮಿದರು. "ಬಾಯಾರ, ಅದು ಗುರುಗ್ರಹ ಐತ್ರಿ. ಕಾಲಾಗ ಬರ್ತೈತಿ. ವಿಚಾರ ಮಾಡ್ರಿ."

"ಗುರು?"

ಶಾರದಾಬಾಯಿ ಕನ್ನಡಕ ಏರಿಸಿದರು. ಆ ಗ್ರಹದ ಕೃಪೆಯಿಲ್ಲವೆಂದು ಅವರ ಮದುವೆ ವರ್ಷಾನುಗಟ್ಟಲೆ ಮುಂದೆ ಹೋಗಿತ್ತು. ಕೃಪೆಯಾದ ಮೇಲೆ ದೊರೆತ ಗಂಡ ಒಳಕೋಣೆಯಲ್ಲಿ ಹಾಡುಹಗಲೇ ಮಲಗಿದ್ದ; ಅಂಗಡಿ ತೆರೆಯುವುದೂ ಮುಚ್ಚುವುದೂ ಇವರ ಪಾಲಿಗೇ ಬಿದ್ದಿತ್ತು. ಅವರು ಗಾದಿ ಹತ್ತಿ, ಎರಡೂ ಕಾಲು ನೀಡಿ, ಚಾದರ ಎಳೆದುಕೊಂಡು, ಹಿಮ್ಮಡಿಯನ್ನು ಆ ಕೆಂಪು ಕಲೆಯ ಕೆಳಗೆ ಹದವಾಗಿ ಊರಿದರು.

"ಇವ ನನ್ನ ಕುಂಡಲಿಯಾಗ ಹುಟ್ಟಿದಾಗಿಂದ ಕಾಲ ಚಾಚಿ ಮಲಗ್ಯಾನ. ಇವತ್ತ ನನ್ನ ಪಾಳಿ. ಎರಡು ಗಂಟು ಚಾದರ ಕಳಸ್ರಿ, ಅಮೃತಪ್ಪಣ್ಣ."

ಅಮೃತಪ್ಪನವರು ಎರಡೂ ಕೈಯಿಂದ ಗಲ್ಲ ಬಡಿದುಕೊಂಡು, ಅದೇ ಕೈಯಿಂದ ಲೆಕ್ಕ ಬರೆಯಲು ಜೇಬಿನ ಪೆನ್ನು ತೆಗೆದರು. ಶಾರದಾಬಾಯಿ ಮಲಗಿದಲ್ಲಿಂದಲೇ ಕಲ್ಯಾಣಪ್ಪನ ಕಡೆ ತಿರುಗಿದರು.

"ಮಾಸ್ತರ, ಶನಿದೂ ಒಂದು ಮಾಡ್ರಿ. ನಮ್ಮ ಅತ್ತಿಯವ್ರಿಗಿ ಕೊಡೂದೈತಿ."

"ಶನಿ ಹಂತೇಕ ನೌಕಾ ಇನ್ನಾ ಮುಟ್ಟಿಲ್ರಿ, ಅಕ್ಕಾರ. ಬರೂ ವರ್ಷ ಮುಟ್ಟತೈತಿ."

"ಲಗೂ ಹೊಡೀರಿ ಅಂತ ಆ ಮಂದಿಗಿ ತಾರ ಕಳಸ್ರಿ," ಎಂದರು ಶಾರದಾಬಾಯಿ, ಚಾದರವನ್ನು ಗದ್ದದವರೆಗೆ ಎಳೆದುಕೊಳ್ಳುತ್ತ. "ಮುದುಕಿಗಿ ಎಂಬತ್ತಾಗ್ಯಾವ."